ದುರ್ಬೀನಮ್ಮನ ಕಣ್ಣಿಗೆ ಯಾವ ದೋಷವೂ ಇಲ್ಲ

ಮಾನ್ಯರೇ,

ದೇಶದ ಅಧ್ಯಕ್ಷರ ಪ್ರವಾಸದ ಏರ್ಪಾಡು ನೋಡಿಕೊಳ್ಳುವ ಮುಖ್ಯಾಧಿಕಾರಿಗಳಾದ ತಮ್ಮ ವಿಚಾರಣಾ ವರದಿಯನ್ನು ನಮ್ಮ ಪುರಸಭೆಯ ಬಾಗಿಲಿಗೆ ಅಂಟಿಸಿದ್ದಾರೆ. ನಮ್ಮ ಭಾವನ ದೋಣಿ ಬಂಡೆಗೆ ಬಡಿದು ಒಡೆಯಲು, ಅವನ ಬಲಗೈ ನಜ್ಜುಗುಜ್ಜಾಗಲು "ಬಂದರಿನ ಕಾವಲುಗಾರ್ತಿಯ ದೃಷ್ಟಿದೋಷವೇ ಕಾರಣ" ಎಂದು ಅದರಲ್ಲಿದೆ. ಆಕೆಯನ್ನು ಕೆಲಸದಿಂದ ಬಿಡಿಸಿದ್ದೂ ಆಗಿದೆ. ಮಾನ್ಯರೇ, ಇದು ಸುಳ್ಳು. ಅವತ್ತು ನಡೆದದ್ದು ಗೊತ್ತಿರುವವರು ಇಬ್ಬರೇ. ಒಬ್ಬಳು ಆಕೆ, ಆಕೆ ಬಾಯಿ ಬಿಡುತ್ತಿಲ್ಲ. ಇನ್ನೊಬ್ಬ ನಾನು, ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ.

ನಾನು ದೋಣಿಗಳಿಗೆ ಬಣ್ಣ ಬಳಿಯುವವನು. ನನ್ನ ಅಪ್ಪನೂ ಅದನ್ನೇ ಮಾಡುತ್ತಿದ್ದ. ನಮ್ಮ ಊರಿನಲ್ಲಿ ಒಂದೊಂದು ಮನೆಯ ದೋಣಿಗೆ ಒಂದೊಂದು ಬಣ್ಣ. ನಮ್ಮ ಭಾವನದು ಹಳದಿ, ಅದರ ಮೇಲೆ ಎರಡು ಕೆಂಪು ಪಟ್ಟಿ. ಇದು ಅಂದಕ್ಕೆ ಮಾಡಿದ್ದಲ್ಲ. ಬಂದರಿನ ಕಟ್ಟೆಯ ತುದಿಯಲ್ಲಿರುವ ಕಾವಲು ಗೋಪುರದ ಮೇಲೆ ಕೂತವರಿಗೆ ದೂರದಿಂದಲೇ ಯಾರು ಬರುತ್ತಿದ್ದಾರೆ, ಯಾರು ಇನ್ನೂ ಬಂದಿಲ್ಲ ಎಂದು ತಿಳಿಯಲಿ ಅಂತ. ಅಲ್ಲಿ ಮೂವತ್ತೊಂದು ವರ್ಷದಿಂದ ಕೂತವಳನ್ನು ಊರೆಲ್ಲ ದುರ್ಬೀನಮ್ಮ ಎಂದೇ ಕರೆಯುತ್ತದೆ. ದೋಣಿಗಳು ಹೊರಟಾಗ ಆಕೆ ಕಂಬಕ್ಕೆ ಕೆಂಪು ಬಟ್ಟೆ ಏರಿಸುತ್ತಾಳೆ. ಕೊನೆಯ ದೋಣಿ ಬಂದ ಮೇಲೆ ಇಳಿಸುತ್ತಾಳೆ. ಸಂಜೆ ನಾಲ್ಕಾದರೂ ಬಟ್ಟೆ ಇಳಿಯದಿದ್ದರೆ, ಯಾರನ್ನೂ ಕೇಳದೆ ರಕ್ಷಣಾ ದೋಣಿ ಹುಡುಕಲು ಹೊರಡುತ್ತದೆ. ಇಷ್ಟೇ ನಮ್ಮ ವ್ಯವಸ್ಥೆ. ಇದಕ್ಕೆ ಕಡತವಿಲ್ಲ, ಮೊಹರಿಲ್ಲ. ಹಾಗಾಗಿ ಇದು ತಮ್ಮ ಕಣ್ಣಿಗೆ ಬೀಳದೆ ಹೋದದ್ದು ಸಹಜ.

ಅಧ್ಯಕ್ಷರು ಮೊದಲ ಸಲ ಬಂದಾಗ ಮೀನು ಒಣಗಿಸುವ ಚಪ್ಪರಗಳನ್ನು ಕೀಳಿಸಿದಿರಿ, ವಾಸನೆ ಬರುತ್ತದೆಂದು. ಕಡಲೂರಿನಲ್ಲಿ ಮೀನಿನ ವಾಸನೆ ಬಾರದೆ ಇನ್ನೇನು ಮಲ್ಲಿಗೆಯ ವಾಸನೆ ಬರಬೇಕಿತ್ತೇ? ಆದರೂ ನಾವು ಸುಮ್ಮನಿದ್ದೆವು. ಎರಡನೆಯ ಸಲ ಬರುವ ಮೊದಲು ತಮ್ಮ ಆದೇಶ ಬಂತು: ಅತಿಥಿಗೃಹದ ಮಹಡಿಯಿಂದ ಕಾಣುವ ನೋಟದಲ್ಲಿ ಏಕರೂಪತೆ ಇರಬೇಕು, ಆದ್ದರಿಂದ ಎಲ್ಲ ದೋಣಿಗಳಿಗೂ ತಿಳಿನೀಲಿ ಬಳಿದು ಬಿಳಿ ಅಂಚು ಕೊಡಬೇಕು, ನೋಂದಣಿ ಸಂಖ್ಯೆಗಳನ್ನು ಒಳಬದಿಗೆ ಬರೆಯಬೇಕು. ಅಧ್ಯಕ್ಷರು ಆ ಮಹಡಿಯ ಮೇಲೆ ನಿಂತದ್ದು ಒಟ್ಟು ಏಳು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಕಡಲಿಗೆ ಬೆನ್ನು ಹಾಕಿ ಫೋನಿನಲ್ಲಿ ಮಾತಾಡುತ್ತಿದ್ದರು.

ಇಲ್ಲಿಯವರೆಗೆ ತಮ್ಮನ್ನು ಬೈದೆ. ಬೈಯುವುದು ಸುಲಭ, ಊರಲ್ಲಿ ಎಲ್ಲರೂ ಬೈಯುತ್ತಾರೆ. ಇನ್ನು ನನ್ನ ಪಾಲಿಗೆ ಬರುತ್ತೇನೆ.

ಆ ಆದೇಶ ಬಂದಾಗ ದುರ್ಬೀನಮ್ಮ ನನ್ನ ಅಂಗಡಿಗೇ ಬಂದಿದ್ದಳು. "ಬಣ್ಣದೋನೇ, ಎಲ್ಲಾ ಒಂದೇ ಥರ ಮಾಡಿದ್ರೆ ನಾನು ಯಾರು ಯಾರು ಅಂತ ಹೇಳೋದು ಹೇಗಪ್ಪಾ? ನೀನು ಆಗಲ್ಲ ಅಂದ್ರೆ ಬಳಿಯೋರು ಬೇರೆ ಯಾರೂ ಇಲ್ಲ ಇಲ್ಲಿ," ಎಂದಳು. ಅದು ನಿಜವಾಗಿತ್ತು. ನಾನು ಒಲ್ಲೆ ಎಂದಿದ್ದರೆ ಕೆಲಸ ನಿಲ್ಲುತ್ತಿತ್ತು. ನಾನು ನಕ್ಕು, "ಎಣಿಸೋಕೆ ಬರುತ್ತಲ್ಲಮ್ಮಾ, ಎಣಿಸು," ಎಂದೆ. ಅಧ್ಯಕ್ಷರು ನೋಡುವ ಕಡಲಿಗೆ ಬಣ್ಣ ಬಳಿಯುವವನು ನಾನು ಎಂಬ ಹಮ್ಮು ನೆತ್ತಿಗೇರಿತ್ತು. ಹನ್ನೆರಡು ದಿನದಲ್ಲಿ ಇಪ್ಪತ್ಮೂರು ದೋಣಿ ಮುಗಿಸಿದೆ. ಭಾವನ ಹಳದಿಯನ್ನು ಕೆರೆದು ತೆಗೆಯುವಾಗ ಒಳಗೆ ಅಪ್ಪ ಬಳಿದಿದ್ದ ಹಳೆಯ ಹಳದಿ ಸಿಕ್ಕಿತು. ಅದನ್ನೂ ಕೆರೆದೆ.

ಮೂರನೆಯ ಭೇಟಿಗೆ ಮೂರು ದಿನವಿರುವಾಗ ತಮ್ಮವರು ಇಪ್ಪತ್ನಾಲ್ಕನೆಯ ದೋಣಿಯೊಂದನ್ನು ನನ್ನಲ್ಲಿಗೆ ತಂದರು. ಮೀನುಗಾರರ ವೇಷದಲ್ಲಿ ಭದ್ರತೆಯವರು ಅದರಲ್ಲಿ ಸುತ್ತುತ್ತಾರೆ, ಅದಕ್ಕೂ ಅದೇ ನೀಲಿ ಬೇಕು, ಯಾರಿಗೂ ಹೇಳಬಾರದು ಎಂದರು. ನಾನು ಯಾರಿಗೂ ಹೇಳಲಿಲ್ಲ. ಕಟ್ಟೆಯ ತುದಿಯಲ್ಲಿ ಕೂತು ದೋಣಿ ಎಣಿಸುವವಳಿಗೂ ಹೇಳಲಿಲ್ಲ. ತಮ್ಮವರಿಗೆ ಆ ಎಣಿಕೆ ಗೊತ್ತಿರಲಿಲ್ಲ, ಇದರ ಪರಿಣಾಮ ತಿಳಿದಿರಬೇಕಾದವನು ನಾನೇ.

ಆ ದಿನ ಅಧ್ಯಕ್ಷರು ನಾಲ್ಕು ಗಂಟೆಗೆ ಕಟ್ಟೆಗೆ ಬರುವವರಿದ್ದರು. ಸ್ವಾಗತದ ಸಾಲಿನಲ್ಲಿ ನನಗೆ ಮೂರನೆಯ ಜಾಗ ಕೊಟ್ಟಿದ್ದಿರಿ. ಮೈಮೇಲೆ ಯಾರದೋ ಕೋಟು, ಕಂಕುಳಲ್ಲಿ ಬಿಗಿ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ದುರ್ಬೀನಮ್ಮ ಗೋಪುರದ ಮೆಟ್ಟಿಲಿಳಿದು ಏದುಸಿರು ಬಿಡುತ್ತಾ ನನ್ನ ಪಕ್ಕಕ್ಕೆ ಬಂದಳು.

"ಇಪ್ಪತ್ತೆರಡು ಬಂತು. ಕೊನೇದು ಬರ್ತಾ ಇದೆ. ಲೆಕ್ಕಕ್ಕೆ ಸರಿ ಇದೆ, ಆದ್ರೆ ನಂಗ್ಯಾಕೋ ಸಮಾಧಾನ ಇಲ್ಲ. ನಿಮ್ಮ ಭಾವ ಹಾಗೆ ದೋಣಿ ತಿರುಗಿಸಲ್ಲ. ಒಂದ್ನಿಮಿಷ ಮೇಲೆ ಬಂದು ನೋಡಪ್ಪಾ."

ಮೇಲೆ ಹೋದರೆ ಸಾಲಿನಲ್ಲಿ ಜಾಗ ಹೋಗುತ್ತದೆ. ನಾನು ನಿಂತಲ್ಲಿಂದಲೇ ಕತ್ತು ಉದ್ದ ಮಾಡಿ ನೋಡಿದೆ. ದೂರದಲ್ಲಿ ನೀಲಿ ಕಂಡಿತು, ಬಿಳಿ ಅಂಚು ಕಂಡಿತು.

"ಭಾವಂದೇ ಅದು. ನಾನು ಬಳಿದಿದ್ದು ನಂಗೆ ಗೊತ್ತಾಗಲ್ವಾ?" ಎಂದೆ.

"ನೀನೇ ಹೇಳಿದ ಮೇಲೆ ಸರಿ ಬಿಡು," ಎಂದು ಆಕೆ ಮೆಟ್ಟಿಲು ಹತ್ತಿ ಹೋಗಿ ಬಟ್ಟೆ ಇಳಿಸಿದಳು.

ಆ ದೋಣಿ ದಡಕ್ಕೆ ಬಂದಾಗ ಅದರಿಂದ ಇಳಿದವರ ಕಿವಿಯಲ್ಲಿ ವೈರುಗಳಿದ್ದವು. ನಾನು ಅದನ್ನು ನೋಡಿದೆ ಮಾನ್ಯರೇ. ಇದನ್ನು ಇಲ್ಲಿಯವರೆಗೆ ನನ್ನ ಹೆಂಡತಿಗೂ ಹೇಳಿಲ್ಲ. ನೋಡಿದೆ, ಅದು ಭಾವನ ದೋಣಿಯಲ್ಲ ಎಂದು ತಿಳಿಯಿತು. ಭಾವ ಮೊದಲೇ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ, ಏಕೆಂದರೆ ಅಧ್ಯಕ್ಷರು ಆಗ ಎರಡನೆಯವರ ಕೈ ಕುಲುಕುತ್ತಿದ್ದರು. ನನ್ನ ಕೈಯನ್ನೂ ಕುಲುಕಿದರು. "ಬಹಳ ಅಚ್ಚುಕಟ್ಟಾಗಿದೆ," ಎಂದರು. ನಾನು ಹಲ್ಲು ಕಿರಿದೆ. ಆ ಪಟ ತಮ್ಮಲ್ಲಿದೆ.

ಅಷ್ಟು ಹೊತ್ತಿಗೆ ಎಂಜಿನ್ ಕೆಟ್ಟು ಭಾವನ ದೋಣಿ ಕಡಲಿಗೆ ಚಾಚಿಕೊಂಡ ಗುಡ್ಡದ ಹಿಂದೆ ತೇಲುತ್ತಿತ್ತು. ಭಾಷಣ, ಪ್ರಶಂಸಾಪತ್ರ ಎಲ್ಲ ಮುಗಿದು, ಅಕ್ಕ ಬಂದು "ನಿಮ್ಮ ಭಾವ ಎಲ್ಲೋ?" ಎಂದು ಕೇಳುವಾಗ ಆರಾಗಿತ್ತು. ರಕ್ಷಣಾ ದೋಣಿ ಹೋದಾಗ ಅವನು ಬಂಡೆಯನ್ನು ಒಂದೇ ಕೈಯಲ್ಲಿ ಅಪ್ಪಿಕೊಂಡಿದ್ದ. ಅದು ನಾಲ್ಕಕ್ಕೇ ಹೊರಟಿದ್ದರೆ ಭಾವನ ದೋಣಿ ಬಂಡೆಯ ಹತ್ತಿರವೂ ಹೋಗುತ್ತಿರಲಿಲ್ಲ.

ತಮ್ಮ ವಿಚಾರಣೆಯಲ್ಲಿ ಭದ್ರತೆಯ ದೋಣಿಯ ಮಾತೇ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಕೇಳಿದ್ದೆ, ನೋಡಿದ್ದು ಮೊದಲ ಸಲ. "ಯಾರನ್ನಾದರೂ ಕೇಳಿ ಬಟ್ಟೆ ಇಳಿಸಿದಿರಾ?" ಎಂದು ತಮ್ಮವರು ಆಕೆಯನ್ನು ಕೇಳಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ. ಆಕೆ ನನ್ನ ಕಡೆ ತಿರುಗಲೇ ಇಲ್ಲ. "ಇಲ್ಲ, ನಾನೇ ಇಳಿಸಿದ್ದು," ಎಂದಳು. ಹೊರಗೆ ಬಂದ ಮೇಲೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. "ನಿಮ್ಮಕ್ಕಂಗೆ ಗಂಡನ ಕೈ ಹೋಗಿದೆ. ತಮ್ಮನೂ ಹೋಗೋದು ಬೇಡ ಅಂತ," ಎಂದು ಹೊರಟುಹೋದಳು. ನಾನು ಆ ಭಿಕ್ಷೆಯನ್ನು ತೆಗೆದುಕೊಂಡೆ, ಎರಡು ತಿಂಗಳು ಅದರಲ್ಲೇ ಬದುಕಿದೆ. ಈಗ ಆಕೆ ದಿನಸಿ ಅಂಗಡಿಗೆ ಬಂದರೆ ಜನ ಬೆರಳು ತೋರಿಸಿ "ಎಷ್ಟು ಹೇಳಮ್ಮಾ?" ಎಂದು ಕೇಳುತ್ತಾರೆ. ಮಕ್ಕಳಲ್ಲ, ದೊಡ್ಡವರು. ಆಕೆ ತಲೆ ತಗ್ಗಿಸಿ ಸಾಮಾನು ಕಟ್ಟಿಸಿಕೊಂಡು ಹೋಗುತ್ತಾಳೆ.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮೊದಲು ಅಕ್ಕನ ಮನೆಗೆ ಹೋಗಿ ಓದಿದೆ. ಅವಳು ಭಾವನ ಅಂಗಿಗೆ ಗುಂಡಿ ಹಾಕುತ್ತಿದ್ದಳು, ಈಗ ದಿನವೂ ಅವಳೇ ಹಾಕಬೇಕು. ಮೂರನೆಯ ಗುಂಡಿಗೆ ಕೈ ನಿಂತಿತು. ಭಾವ ಕಿಟಕಿಯ ಕಡೆ ನೋಡುತ್ತಾ ಕೂತ. ಓದಿ ಮುಗಿದ ಮೇಲೆ ಅಕ್ಕ ಉಳಿದ ಗುಂಡಿಗಳನ್ನೆಲ್ಲ ಹಾಕಿ, ನನ್ನ ಮುಖ ನೋಡದೆ ಹೇಳಿದಳು: "ಕೊಡು ಪತ್ರಿಕೆಗೆ. ಅಚ್ಚಾಗಿ ಬಂದ ಮೇಲೆ ದುರ್ಬೀನಮ್ಮನ ಮನೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದು. ಅಲ್ಲೀವರೆಗೂ ಈ ಮನೆಗೆ ಬರಬೇಡ."

ಆದ್ದರಿಂದ ನಾನು ಕೇಳುವುದು ಇಷ್ಟೇ. ವರದಿಯಿಂದ "ದೃಷ್ಟಿದೋಷ" ಎಂಬ ಮಾತನ್ನು ಹೊಡೆದುಹಾಕಿ, ಆ ಜಾಗದಲ್ಲಿ ತಮ್ಮ ಇಪ್ಪತ್ನಾಲ್ಕನೆಯ ದೋಣಿಯನ್ನೂ ನನ್ನನ್ನೂ ಬರೆಯಿರಿ. ದುರ್ಬೀನಮ್ಮನನ್ನು ಗೋಪುರಕ್ಕೆ ವಾಪಸು ಕರೆಯಿರಿ, ಅದೂ ಪುರಸಭೆಯ ಬಾಗಿಲಿಗೆ ನೋಟೀಸು ಅಂಟಿಸಿ. ನಾಲ್ಕನೆಯ ಭೇಟಿಗೆ ಇನ್ನು ಹತ್ತೊಂಬತ್ತು ದಿನವಿದೆ. ಅಷ್ಟರಲ್ಲಿ ಇಪ್ಪತ್ತೆರಡು ದೋಣಿಗಳಿಗೂ ಅವುಗಳ ಬಣ್ಣವನ್ನು ಮತ್ತೆ ಬಳಿಯುತ್ತೇನೆ, ಇವತ್ತು ಬೆಳಿಗ್ಗೆ ಮೊದಲನೆಯದಕ್ಕೆ ಹಸಿರು ಹಚ್ಚಿದ್ದಾಗಿದೆ. ಇದಕ್ಕೆ ತಮ್ಮ ಅಪ್ಪಣೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಹಳದಿಯ ಡಬ್ಬಿಯೊಂದು ಮಾತ್ರ ಅಂಗಡಿಯಲ್ಲಿ ಹಾಗೇ ಉಳಿಯುತ್ತದೆ, ಬಳಿಯಲು ಆ ದೋಣಿಯಿಲ್ಲ.

ಇಂತಿ,
ಸಾಲಿನಲ್ಲಿ ಮೂರನೆಯವನಾಗಿ ನಿಂತಿದ್ದವನು,
ಈ ಊರಿನ ಏಕೈಕ ಬಣ್ಣದವನು