ಅಮ್ಮನ ಡಬ್ಬಿಯ ಗುಂಡಿಗಳು

ಅತ್ತಿಗೆ,

ಎದುರಿಗೆ ನಿಂತರೆ ನನ್ನ ಬಾಯಿಗೆ ಬೀಗ ಬೀಳುತ್ತೆ ಅನ್ನೋ ಭಯಕ್ಕೇ, ನೀವು ಏಳೋ ಮೊದಲೇ ಇದನ್ನು ಬರೆದಿಟ್ಟು ಕೆಲಸಕ್ಕೆ ಹೊರಟಿದ್ದೀನಿ.

ಹಾಲು ಕಾಯಿಸಿಟ್ಟಿದ್ದೀನಿ. ಮರಕ್ಕೆ ತೂಗುಹಾಕೋಕೆ ಅಂತ ಮೊಟ್ಟೆ ಚಿಪ್ಪಿಗೆ ಬಳಿದ ಬಣ್ಣ ಇನ್ನೂ ಹಸಿ, ಮುಟ್ಟಬೇಡಿ. ಕ್ರಿಸ್‌ಮಸ್ ಮರಕ್ಕೆ ಕಟ್ಟಿದ ಚಮಚ ಕಿತ್ತು ಕಾಫಿ ಕಲಕಬೇಡ ಅಂತ ಅಣ್ಣನಿಗೆ ನೀವೇ ಗದರಿ. ನನ್ನ ಮಾತನ್ನು ಅವನು ಕಿವಿಗೇ ಹಾಕ್ಕೊಳ್ಳಲ್ಲ.

ನಿನ್ನೆ ನೀವು ಅಮ್ಮನ ಡಬ್ಬಿಯಲ್ಲಿದ್ದ ಅಂಗಿಗುಂಡಿಗಳನ್ನೆಲ್ಲ ಪೋಣಿಸಿ ಮರಕ್ಕೆ ಸುತ್ತಿದಾಗ ನಾನು ಥಟ್ಟನೆ ಎದ್ದು ರೂಮಿಗೆ ಹೋದೆ. ಅಮ್ಮ ತೀರಿಕೊಂಡ ಮೇಲೆ ಆ ಡಬ್ಬಿಯನ್ನು ಯಾರೂ ತೆರೆದಿರಲಿಲ್ಲ. ನನಗೆ ಕೋಪ ಬಂತು ಅಂದುಕೊಂಡು ನೀವು ಮಾಲೆ ಬಿಚ್ಚಿ ಗುಂಡಿಗಳನ್ನೆಲ್ಲ ವಾಪಸ್ ತುಂಬಿಟ್ಟುಬಿಟ್ಟಿದ್ದೀರಿ. ಬೆಳಿಗ್ಗೆ ಎದ್ದು ಮಾಲೆಯಿಲ್ಲದ ಕೊಂಬೆ ನೋಡಿದ ಕೂಡಲೇ ಡಬ್ಬಿ ಹುಡುಕಿ ತೆಗೆದೆ.

ಡಬ್ಬಿ ಮೇಜಿನ ಮೇಲಿದೆ, ಸೂಜಿಗೆ ದಾರ ಏರಿಸಿಟ್ಟಿದ್ದೀನಿ. ದಯವಿಟ್ಟು ಮತ್ತೆ ಪೋಣಿಸಿ. ನನ್ನ ಹಳೇ ಸ್ಕೂಲ್ ಯೂನಿಫಾರ್ಮಿನಿಂದ ಅಮ್ಮ ಬಿಚ್ಚಿಟ್ಟಿದ್ದ ನೀಲಿ ಗುಂಡಿಗಳು ಎದುರಿಗೇ ಕಾಣೋ ಹಾಗೆ ಬರಲಿ.

ಕೋಪ ಅಲ್ಲ ಅತ್ತಿಗೆ. ಅಮ್ಮನೇ ಬಂದು ಎದುರು ಕೂತ ಹಾಗಾಗಿ ಅಳು ಬಂತು, ತೋರಿಸೋಕೆ ನಾಚಿಕೆಯಾಯ್ತು. ನೀವು ಈ ಮನೆಗೆ ಬಂದ ಮೇಲೆ, ಸಂಜೆ ಆಗುತ್ತಿದ್ದ ಹಾಗೆ ನನಗೆ ಮನೆಗೆ ಬರೋ ಅವಸರ ಶುರುವಾಗುತ್ತೆ.