ನೀರಿನ ಗೆರೆ ಅಗಲವಾದದ್ದು

ಅಪ್ಪಾ,

ನೀವು ತೀರಿಕೊಂಡ ಮೇಲೆ ನಿಮ್ಮ ಪ್ರಯೋಗಾಲಯದಲ್ಲೇ ಗಾಜಿನ ಟ್ಯೂಬ್ ತೊಳೆಯುವ ಕೆಲಸಕ್ಕೆ ಸೇರಿದ್ದೇನೆ. ಶಾಲೆ ಬಿಟ್ಟವನಿಗೆ ಇನ್ನೇನು ಸಿಗುತ್ತದೆ?

ಇವತ್ತು, ಟ್ಯೂಬಿನಲ್ಲಿಟ್ಟ ದ್ರವದ ಸಿಗ್ನಲನ್ನು ಗೆರೆಯಾಗಿ ತೋರಿಸುವ ನಿಮ್ಮ ಎನ್‌ಎಂಆರ್ ಯಂತ್ರದ ಪರದೆಯಲ್ಲಿ ನೀರಿನ ಗೆರೆ ವಿಪರೀತ ಅಗಲವಾಗಿ ಬಂತು. "ಮಿಷನ್ ಕೆಟ್ಟೋಯ್ತಾ ಮೇಡಂ?" ಎಂದೆ. ಅದನ್ನೀಗ ನೋಡಿಕೊಳ್ಳುವ ನಿಮ್ಮ ಹಳೆಯ ವಿದ್ಯಾರ್ಥಿನಿ ನಕ್ಕು, ಪಕ್ಕದಲ್ಲಿ ಕೂರಿಸಿಕೊಂಡರು.

"ಇಲ್ಲ ಕಣೋ, ಇದು ರೇಡಿಯೇಷನ್ ಡ್ಯಾಂಪಿಂಗ್. ನೀರಿನ ಸಿಗ್ನಲ್ ತುಂಬಾ ಜೋರು. ಟ್ಯೂಬಿನ ಸುತ್ತ ಇರೋ ತಂತಿ ಕಾಯಿಲ್ ಅದನ್ನೇ ವಾಪಸ್ ನೀರಿನ ಮೇಲೆ ತಿರುಗಿಸುತ್ತೆ. ಸಿಗ್ನಲ್ ಬೇಗ ಅಡಗುತ್ತೆ, ಗೆರೆ ಅಗಲವಾಗುತ್ತೆ. ನಿಮ್ಮಪ್ಪಾನೇ ಹೇಳ್ಕೊಟ್ಟಿದ್ದು. ಹತ್ತು ಸಲ ಕೇಳಿದ್ರೂ ಒಂದಿನಾನೂ ಗದರಲಿಲ್ಲ, ಪುಣ್ಯಾತ್ಮ."

ಗುಣಾಕಾರ ತಪ್ಪಿದ್ದಕ್ಕೆ ನನ್ನ ಪುಸ್ತಕವನ್ನು ಕಿಟಕಿಯಾಚೆ ಎಸೆದವರು ನೀವೇ ತಾನೇ?

ಮೇಡಂ ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಯಿತು, ಅಪ್ಪಾ.