ಅಳಿಯಂದಿರ ಬಯೋಡೇಟಾ

ಅಂಗಡಿಯಿಂದ,
೧೪ನೇ ತಾರೀಖು, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಹೇಗಿದ್ದೀಯಮ್ಮ? ಅಳಿಯಂದಿರ ಕೈ ಹೇಗಿದೆ? ಕಟ್ಟು ಬಿಚ್ಚಿದರಾ? ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಮಲಗಿ ನಿನ್ನ ಬೆನ್ನು ಹಿಡಿದುಕೊಂಡಿರಬೇಕು. ಚಿಕ್ಕಂದಿನಿಂದಲೂ ನಿನಗೆ ಗಟ್ಟಿ ಹಲಗೆ ಆಗಿಬರುವುದಿಲ್ಲ. ಮೂರು ವಾರದಿಂದ ನೀನು ನನ್ನ ಫೋನು ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನಿಮ್ಮಮ್ಮನೂ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಆದರೆ ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅಡುಗೆಮನೆಯಲ್ಲಿ ನಿಂತು ಪಾತ್ರೆಗಳಿಗೆ ಹೇಳುತ್ತಾಳೆ, ನನಗೆ ಕೇಳಿಸುವ ಹಾಗೆ. ಎರಡು ಬೆರಳು ಹೋದವು, ಮೂರನೆಯದು ಉಳಿಯಬಹುದು ಎಂದು ತಿಳಿದದ್ದು ಹಾಗೆ. ಇಪ್ಪತ್ತಮೂರಕ್ಕೆ ಕಾರ್ಖಾನೆಯವರ ವಿಚಾರಣೆ ಇದೆ, ಅಳಿಯಂದಿರು ಸುಳ್ಳು ಬಯೋಡೇಟಾ ಕೊಟ್ಟು ಸೇರಿಕೊಂಡರು ಎಂದಾದರೆ ಕೆಲಸವೂ ಹೋಗುತ್ತದೆ, ಚಿಕಿತ್ಸೆಯನ್ನೂ ಅವರು ಅರ್ಧಕ್ಕೇ ಕೈಬಿಡುತ್ತಾರೆ ಎಂದು ತಿಳಿದದ್ದೂ ಹಾಗೆಯೇ.

ಅಂಗಡಿ ಎಂದಿನಂತಿದೆ. ಜೆರಾಕ್ಸ್ ಯಂತ್ರ ಕಾಗದ ನುಂಗುವ ಚಾಳಿ ಬಿಟ್ಟಿಲ್ಲ. ಬೆಳಿಗ್ಗೆ ಒಬ್ಬ ಹೆಂಗಸು ಬಯೋಡೇಟಾ ಮಾಡಿಸಲು ಬಂದಿದ್ದಳು, ನನಗೆ ಪುರಸೊತ್ತಿಲ್ಲ ಎಂದು ಸುಳ್ಳು ಹೇಳಿ ಕಳಿಸಿದೆ. ಬಯೋಡೇಟಾ ತಿದ್ದುವುದರಲ್ಲಿ ನಿನ್ನಪ್ಪನದು ಎತ್ತಿದ ಕೈ ಎಂದು ಬೀದಿಗೆಲ್ಲ ಗೊತ್ತಲ್ಲ. ಗೋಡೌನಿನ ಬಾಗಿಲು ಕಾಯುತ್ತಿದ್ದವನನ್ನು ಉಗ್ರಾಣದ ಮೇಲ್ವಿಚಾರಕ ಮಾಡಿದ್ದೇನೆ. ಆರು ತಿಂಗಳನ್ನು ಎರಡು ವರ್ಷ ಮಾಡಿದ್ದೇನೆ. ಯಾರಪ್ಪನ ಗಂಟು ಹೋಗುತ್ತದೆ ಅಂದುಕೊಳ್ಳುತ್ತಿದ್ದೆ. ನನ್ನ ಪದ್ಧತಿ ನಿನಗೆ ಗೊತ್ತು: ಮೊದಲು ಗಿರಾಕಿಯೇ ಬಿಳಿ ಹಾಳೆಯಲ್ಲಿ ತನ್ನ ಕೈಯಾರೆ ಬರೆಯಬೇಕು, ಆಮೇಲೆ ನನ್ನ ಕೆಂಪು ಪೆನ್ನು, ಕೊನೆಗೆ ಟೈಪು. ಕೈಬರಹದ ಹಾಳೆಗಳನ್ನು ನಾನು ಫೈಲಿಗೆ ಹಾಕಿಡುವುದನ್ನು ನೋಡಿ ನೀನು ನನ್ನನ್ನು ಇಲಿ ಎಂದು ಆಡಿಕೊಳ್ಳುತ್ತಿದ್ದೆ.

ಅಳಿಯಂದಿರು ಬಂದ ದಿನ ನೆನಪಾಗುತ್ತದೆ. ಏಳು ತಿಂಗಳಿಂದ ಕೆಲಸವಿರಲಿಲ್ಲ. ಆ ಮನುಷ್ಯನ ಬಾಯಿಂದ ಮಾತು ಹೊರಡಿಸುವುದೇ ಕಷ್ಟ, ಹಾಳೆಯಲ್ಲೂ ಅಷ್ಟೇ, ನಾಲ್ಕು ಸಾಲು. ತಗಡಿನ ಡಬ್ಬಿಗಳ ಹಳೇ ಕಾರ್ಖಾನೆಯಲ್ಲಿ ಒಂದು ವರ್ಷ ಮುಚ್ಚಳ ಎಣಿಸಿ ಪೆಟ್ಟಿಗೆಗೆ ತುಂಬಿದ್ದರು, ಅದನ್ನೇ ಬರೆದಿದ್ದರು. ಓದಿ ನನಗೆ ನಾಚಿಕೆಯಾಯಿತು ಪುಟ್ಟಿ. ಊರವರನ್ನೆಲ್ಲ ಮೇಲೆತ್ತಿದವನ ಮಗಳ ಗಂಡ ಇಷ್ಟೇನಾ ಅನ್ನಿಸಿತು. ಮುಚ್ಚಳ ಒತ್ತುವ ಪ್ರೆಸ್ ಮಷೀನಿನ ಚಾಲಕ, ಮೂರು ವರ್ಷದ ಅನುಭವ ಎಂದು ಟೈಪ್ ಮಾಡಿಬಿಟ್ಟೆ. ಅವರು ಎರಡು ಸಲ ಓದಿ, ತಲೆ ಎತ್ತದೆ, “ಮಾವ, ಇದು ಸ್ವಲ್ಪ ಜಾಸ್ತಿ ಆಯ್ತೇನೋ” ಅಂದರು. “ಎಲ್ಲರೂ ಹೀಗೇ ಹಾಕೋದು, ಸೇರಿದ್ಮೇಲೆ ಕಲ್ತ್ಕೊಂಡ್ರಾಯ್ತು” ಅಂದೆ. ಹಿರಿಯರಿಗೆ ಎದುರಾಡಿ ಗೊತ್ತಿಲ್ಲದ ಜೀವ, ಮಡಚಿ ಜೇಬಿನಲ್ಲಿ ಇಟ್ಟುಕೊಂಡರು. ಒಂಬತ್ತನೇ ದಿನಕ್ಕೆ ಈ ಹೊಸ ಕಾರ್ಖಾನೆಯಿಂದ ಕರೆ ಬಂತು. ನಾನು ಎದುರು ಅಂಗಡಿಯ ದರ್ಜಿಯ ಮುಂದೆ ಎದೆಯುಬ್ಬಿಸಿಕೊಂಡು ಓಡಾಡಿದೆ. ಮೂರು ವರ್ಷದ ಅನುಭವಸ್ಥನಿಗೆ ಯಾರು ಕಲಿಸುತ್ತಾರೆ ಹೇಳು. ಮೊದಲ ದಿನವೇ ಅವರನ್ನು ಒಬ್ಬರನ್ನೇ ಮಷೀನಿನ ಮುಂದೆ ನಿಲ್ಲಿಸಿದರಂತೆ. ನಾಲ್ಕನೇ ದಿನ ಹೀಗಾಯಿತು.

ಇನ್ನೊಂದು ವಿಷಯ ನಿನಗಾಗಲಿ ನಿಮ್ಮಮ್ಮನಿಗಾಗಲಿ ಗೊತ್ತಿಲ್ಲ. ಸೋಮವಾರ ಕಾರ್ಖಾನೆಯ ಅಧಿಕಾರಿ ಅಂಗಡಿಗೆ ಬಂದಿದ್ದ. ಬಯೋಡೇಟಾದ ಕೆಳಗೆ ನಮ್ಮ ಅಂಗಡಿಯ ಮೊಹರು ಇದೆಯಲ್ಲ. ಈ ಮೂರು ವರ್ಷ ಯಾರು ಹೇಳಿದ್ದು ಎಂದು ಕೇಳಿದ. “ಗಿರಾಕಿ ಕೊಟ್ಟಿದ್ದನ್ನ ಟೈಪ್ ಮಾಡೋದಷ್ಟೇ ನಮ್ಮ ಕೆಲಸ ಸಾರ್” ಅಂದೆ. ಅವನು ಅದನ್ನೇ ಬರೆದುಕೊಂಡು ಸಹಿ ಹಾಕಿಸಿಕೊಂಡ. ಹಾಕಿಬಿಟ್ಟೆ. ಮೂವತ್ತೊಂದು ವರ್ಷದ ಅಂಗಡಿ, ಇದು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ, ಹೆದರಿದೆ. ಅವನು ಹೋದ ಮೇಲೆ ಶಟರು ಅರ್ಧ ಎಳೆದು ಒಳಗೆ ಕೂತು ಅತ್ತೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ವಿಚಾರಣೆಯಲ್ಲಿ ಅಳಿಯಂದಿರು ಪ್ರಾಮಾಣಿಕವಾಗಿ ಮಾತಾಡಲಿ, ಯಾರಾದರೂ ಪುಣ್ಯಾತ್ಮರು ನಂಬಿದರೂ ನಂಬಬಹುದು.

ಅವರಿಗೆ ಎಡಗೈಯಲ್ಲಿ ಉಣ್ಣುವುದು ಕಷ್ಟವಾಗುತ್ತದೆ, ಬೇಸರಿಸದೆ ತುತ್ತು ಕೊಡು. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು. ನೀವಿಬ್ಬರೂ ಸುಖವಾಗಿ ನೂರು ಕಾಲ ಬಾಳಿ ಎಂದು ಹರಸಬೇಕು ಅನ್ನಿಸುತ್ತದೆ, ಹರಸುವ ಯೋಗ್ಯತೆ ಉಳಿದಿದ್ದರೆ ಇದೋ ಹರಸಿದ್ದೇನೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು. ಅಂಚೆ ಡಬ್ಬಿಯವರೆಗೆ ಹೋಗಿ ವಾಪಸು ಬಂದು ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತಾಯಿತು. ಅಳಿಯಂದಿರು ಕೈಯಾರೆ ಬರೆದ ಹಾಳೆ ಫೈಲಿನಲ್ಲಿ ಭದ್ರವಾಗಿತ್ತು, ಇದರ ಜೊತೆ ಇಟ್ಟಿದ್ದೇನೆ. ಸೋಮವಾರ ನಾನು ಹೇಳಿದ್ದು ಸುಳ್ಳು ಎಂದು ಬರೆದು ಸಹಿ ಹಾಕಿದ ಕಾಗದವೂ ಇದೆ. ಎರಡನ್ನೂ ವಿಚಾರಣೆಯವರ ಮೇಜಿನ ಮೇಲಿಡು. ಅಪ್ಪನ ಅಂಗಡಿ ಮುಚ್ಚಿಹೋಗುತ್ತದೆ ಎಂದು ಬಚ್ಚಿಡಬೇಡ. ಅಳಿಯಂದಿರ ಹಾಳೆಯ ಕೊನೆಯ ಸಾಲನ್ನು ಅವರಿಗೆ ಓದಿ ತೋರಿಸು: “ಪ್ರೆಸ್ ಮಷೀನು ದೂರದಿಂದ ನೋಡಿದ್ದೇನೆ, ಓಡಿಸಿಲ್ಲ. ಕಲಿಸಿದರೆ ಕಲಿಯುತ್ತೇನೆ.” ಅದರ ಮೇಲೆ ಎಳೆದಿರುವ ಕೆಂಪು ಗೆರೆ ನನ್ನದು.